ಮಡಚಿದ ಟೇಪಿನ ತುದಿ

ಬುಧವಾರ, ಊಟವಾದ ಮೇಲೆ

ನಮ್ಮ ಮನೆಯ ಮೆಣಸಿನಕಾಯಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಓದುವ ದೀಪದ ಪೆಟ್ಟಿಗೆಯೊಳಗೆ ಕಾಗದ ಕಂಡು ಬೆಚ್ಚಬೇಡ. ಗಿರಾಕಿಗಳಿಂದ ವಾಪಸ್ ಬಂದ ಸಾಮಾನು ಬಿಚ್ಚಿ ನೋಡುವ ಕೆಲಸಕ್ಕೆ ಈಗ ನಿನ್ನನ್ನು ಹಾಕಿದ್ದಾರೆಂದು ನಿನ್ನ ಗೆಳತಿ ಹೇಳಿದಳು. ಅವಳ ಕೈಲೇ ಹೇಳಿಕಳಿಸಬಹುದಿತ್ತು, ಬಾಯಿ ಬರಲಿಲ್ಲ. ಆದರೆ ಏಳನೇ ಕ್ಲಾಸಿನಲ್ಲಿ ಇಡೀ ಶಾಲೆಗೇ ಮೊದಲಿಗನಾದ ನಾನು ಬರೆಯಲು ಹೆದರುತ್ತೇನೆಯೇ? ಶಾಲೆಯಲ್ಲಿದ್ದದ್ದು ಒಂಬತ್ತೇ ಮಕ್ಕಳು, ಅದು ಬೇರೆ ಮಾತು.

ಮೊದಲು ನೀನು ಆ ಆನ್‌ಲೈನ್ ಅಂಗಡಿಯ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತೀಯೆಂದು ತಿಳಿಯಿತಲ್ಲ, ಅಂದಿನಿಂದ ಫೋನಿನಲ್ಲಿ ನನ್ನದು ಮಹಾ ವ್ಯಾಪಾರ. ಅರ್ಧ ಬೆಲೆಯ ಬಕೆಟ್ಟು, ಡಬ್ಬಿ, ಜರಡಿ. ಅಕ್ಕನಿಗೆ ಸಾಮಾನು ಬೇಕಿರಲಿಲ್ಲ, ಮಗಳು ಕಟ್ಟಿದ ಪೆಟ್ಟಿಗೆ ಬೇಕಿತ್ತು. ಪ್ರತಿಸಲ ಟೇಪನ್ನು ಬೆರಳಲ್ಲಿ ತಡವಿ, "ಇದಲ್ಲ ಕಣೋ, ಇನ್ನೊಂದು ತರಿಸು" ಎನ್ನುತ್ತಿದ್ದಳು. "ಅಕ್ಕಾ, ನಾಲ್ಕು ಜರಡಿ ಆಯ್ತು, ಇನ್ನು ನನ್ನನ್ನೇ ಜರಡಿ ಹಿಡೀಬೇಕು" ಎಂದೆ. "ನಿನ್ನನ್ನ ಹಿಡಿದ್ರೆ ಬರೀ ಹೊಟ್ಟೇ ಉಳಿಯೋದು" ಎಂದಳು.

ಈ ದೀಪವೂ ದಪ್ಪಕ್ಷರದ ಕಥೆಪುಸ್ತಕವೂ ಒಟ್ಟಿಗೆ ಬಂದ ದಿನ ಟೇಪಿನ ತುದಿ ಮಡಚಿತ್ತು. ಬಿಚ್ಚುವವರ ಉಗುರು ಮುರಿಯಬಾರದೆಂದು ಚಿಕ್ಕಂದಿನಲ್ಲಿ ಅವಳೇ ನಿನಗೆ ಕಲಿಸಿದ್ದು. "ವಿಳಾಸ ನೋಡೇ ಮಡಚಿದ್ದಾಳೆ, ಕೋಪ ಇಳಿದಿದೆ" ಎಂದು ಅಂದು ಎರಡು ತುತ್ತು ಹೆಚ್ಚು ಉಂಡಳು. ಫೋನ್ ಮಾಡು ಎಂದರೆ, "ಅವಳೇ ಮಾಡ್ಲಿ." ಹಠದಲ್ಲಿ ನೀವಿಬ್ಬರೂ ಒಂದೇ ಅಚ್ಚು.

ಹಠ ನಿಮ್ಮದು, ತಪ್ಪು ನನ್ನದು. ನಾಲ್ಕು ವರ್ಷದ ಹಿಂದೆ ನಿನ್ನ ಕಾಲೇಜು ಬಿಡಿಸೆಂದು ಅಕ್ಕನ ಕಿವಿಯೂದಿದವನು ನಾನೇ. "ಓದಿ ಯಾವ ರಾಜ್ಯ ಆಳ್ಬೇಕು ಅವಳು" ಎಂದಿದ್ದೆ. ನೀನು ಅಮ್ಮನ ಮೇಲೆ ಸಿಟ್ಟಾಗಿ ಮನೆ ಬಿಟ್ಟೆ. ಊರಿಗೆಲ್ಲ ಬಡಾಯಿ ಕೊಚ್ಚುವ ಈ ಬಾಯಿಗೆ ಆಗ ಬೀಗ ಬಿತ್ತು.

ಸಂಜೆ ಸಂಜೆ ಅವಳಿಗೆ ಆ ಪುಸ್ತಕ ಓದಿ ಹೇಳುತ್ತಿದ್ದೆ. ಕಷ್ಟದ ಸಾಲು ಬಂದರೆ ಹಾರಿಸಿ ನನ್ನ ಸಾಹಸ ಸೇರಿಸುತ್ತಿದ್ದೆ. "ಇದರೊಳಗೂ ನೀನೇ ಬಂದ್ಯಲ್ಲೋ" ಎಂದು ನಗುತ್ತಿದ್ದಳು.

ಉಳಿದಂತೆ ಮನೆಯಲ್ಲಿ ಎಲ್ಲರೂ ಕ್ಷೇಮ.

ಇಂತು ನಿನ್ನ ಬೈಗುಳಕ್ಕೆ ಅರ್ಹನಾದ,
ಮಾವ

ಮರೆತ ಮಾತು: ಕ್ಷೇಮ ಎಂದದ್ದು ಕೈಯ ಅಭ್ಯಾಸ. ಅಕ್ಕ ಹೋಗಿ ನಾಲ್ಕು ದಿನವಾಯಿತು. ಬೆಳಿಗ್ಗೆ ಎದೆನೋವು ಎಂದಳು, ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ದೀಪ ಏಕೆ ವಾಪಸ್ ಎಂದು ಫೋನು ಕೇಳಿತು. ಒಡೆದಿದೆಯೇ, ಅಳತೆ ತಪ್ಪಿದೆಯೇ, ಬಣ್ಣ ಬೇರೆಯೇ? ನಮ್ಮ ಕಾರಣ ಆ ಪಟ್ಟಿಯಲ್ಲಿರಲಿಲ್ಲ. ಒಡೆದಿದೆ ಎಂದು ಒತ್ತಿದೆ. ದೀಪ ಚೆನ್ನಾಗಿಯೇ ಇದೆ. ಪುಸ್ತಕ ಕಳಿಸಿಲ್ಲ. ನೀನು ಮಡಚಿದ ಟೇಪಿನ ತುಂಡನ್ನು ನಲವತ್ತೊಂದನೇ ಪುಟದಲ್ಲಿ ಗುರುತಿಗೆ ಇಟ್ಟಿದ್ದಾಳೆ. ಅಲ್ಲಿಂದ ಮುಂದೆ ನಾನು ಓದಿಲ್ಲ. ಈ ಪೆಟ್ಟಿಗೆಯ ಟೇಪನ್ನೂ ಮಡಚಿದ್ದೇನೆ. ಸೊಟ್ಟಗಿದ್ದರೆ, ಬೈಯುವುದಕ್ಕಾದರೂ ಬಾ.