ಮಾವನಿಗೆ ಒದ್ದ ಕಾಲು

ಹುಬ್ಬಳ್ಳಿ
೯ ಫೆಬ್ರುವರಿ ೨೦೨೫

ಸಕಲಗುಣಸಂಪನ್ನೆ, ಸೋದರಮಾವನ ಏಕೈಕ ಪುತ್ರಿ ಸುಕನ್ಯಾಳ ಸನ್ನಿಧಿಗೆ,

ಇಲ್ಲಿ ಸೊಂಟದಿಂದ ಮೇಲೆ ಎಲ್ಲ ಕ್ಷೇಮ. ಕೆಳಗಿನ ಸುದ್ದಿ ಇನ್ನೂ ಬಂದಿಲ್ಲ. ವಾರದಿಂದ ನಿನ್ನ ಫೋನು ಎತ್ತಲಿಲ್ಲ, ಕ್ಷಮಿಸು. ಬಾಯಿಂದ ಹೇಳಿದ್ದರೆ "ಮತ್ತ ಚಾಷ್ಟಿ ಮಾಡಾಕತ್ತಿ?" ಎಂದು ನೀನು ತಮಾಷೆಗೆ ತೆಗೆದುಕೊಂಡು ನಗುತ್ತಿದ್ದೆ. ಬರೆದರೆ ನಂಬುತ್ತೀಯೇನೋ.

ಗೆಳೆಯ ಪರಮೇಶನನ್ನು ಹೆದರಿಸಲೆಂದು ದೆವ್ವವಾಗಿ ಬೇವಿನ ಮರ ಹತ್ತಿದವನು ನಾನು. ಕೊಂಬೆ ಮುರಿಯಿತು, ಬೆನ್ನೂ ಮುರಿಯಿತು, ಅರ್ಧ ದೆವ್ವವಾಗಿಯೇ ಕೆಳಗಿಳಿದೆ. ಆಸ್ಪತ್ರೆಯಿಂದ ಮನೆಗೆ ತಂದ ದಿನವೇ ನಿಮ್ಮಪ್ಪ ನಮ್ಮವ್ವನಿಗೆ ಹೇಳಿದ್ದು ನೆನಪಿದೆಯಲ್ಲ: "ಯಂಕವ್ವಾ, ತಂಗಿ ಮಗಾ ಅಂತ ಯುಗಾದಿತನಕಾ ಕಾಯ್ತೇನಿ. ಕಾಲು ಒಂದೀಟು ಆಡಿದ್ರ ಸುಕನ್ಯಾ ನಿನ್ನ ಸೊಸಿ. ಇಲ್ಲಂದ್ರ ಗದಗಿನವ್ರಿಗೆ ಹ್ಞೂಂ ಅಂತೇನಿ."

ಡಾಕ್ಟರು "ನರ ತುಂಡಾಗಿದೆ" ಎಂದದ್ದು ಅವ್ವನಿಗೆ ರಕ್ತ ಹರಿಯುವ ನರವೆಂದೇ ಕೇಳಿಸಿತು. ಅಂದಿನಿಂದ ದಿನವೂ ಬೀಟ್‌ರೂಟ್. ಬೆಳಿಗ್ಗೆ ನನ್ನ ಪಾದದ ಮೇಲಿನ ಹಸಿರು ಗೆರೆ ತೋರಿಸಿ, "ನೋಡೋ, ನರಾ ಹೆಂಗ ಎದ್ದು ಕಾಣತಾವ. ಕೂಡಾಕತ್ತಾವ" ಎನ್ನುತ್ತಾಳೆ. ಈವರೆಗೆ ಕೆಂಪಾದದ್ದು ನನ್ನ ನಾಲಿಗೆ ಒಂದೇ.

ಹಿಂದಿನ ರವಿವಾರ ನಿಮ್ಮಪ್ಪ ದುರ್ಗದಬೈಲಿನ ಕಿತ್ತಳೆ ಹಿಡಿದು ಬಂದರು. ಮಡಚಿದ್ದ ನನ್ನ ಬಲಗಾಲನ್ನು ನೀಟಾಗಿ ಚಾಚಲು ಬಾಗಿದರು. ಕಾಲು ಚಿಮ್ಮಿತು! ನೇರ ಎದೆಗೇ ಒದೆ. ಕನ್ನಡಕ ಕಿತ್ತಳೆಯ ನಡುವೆ ಬಿತ್ತು. ಹಿರಿಯರಿಗೆ ಕಾಲು ತಾಕಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆತನ ನಮ್ಮದು. ಅವರೋ ಬಿದ್ದು ಕೂತಲ್ಲಿಂದಲೇ ಕೂಗಿದರು: "ಒದ್ದ್ಯಾ ಅಳಿಯಾ! ಭೇಷ್! ಇನ್ನೊಂದು ಒದಿ!"

"ಅಣ್ಣಾ, ಪೆಟ್ಟಾತೇನೋ?"

"ಪೆಟ್ಟಲ್ಲಬೇ ತಂಗಿ, ಇದು ಮುಹೂರ್ತ!"

"ಅಳಿಯಾ ಒದ್ದಾನ್ರಿ!" ಎಂದು ಸಾರುತ್ತ ಓಣಿಗೆಲ್ಲ ಪೇಢೆ ಹಂಚಿದರು. ನಿನಗೂ ಆಗಲೇ ಫೋನು ಹೋಯಿತು.

ಈಗ ಗಂಭೀರ ಉಪನ್ಯಾಸ. ತಲೆಗೆ ಸೆರಗು ಹೊದ್ದು ಕೇಳು. ಬಿಸಿ ಹಂಚು ಮುಟ್ಟಿದ ಕೈ ತಟ್ಟನೆ ಹಿಂದಕ್ಕೆ ಬರುತ್ತದಲ್ಲ, ಆ ಆಜ್ಞೆ ಮೆದುಳಿನದಲ್ಲ, ಬೆನ್ನುಹುರಿಯದು. "ಸುಟ್ಟಿತು" ಎಂಬ ಸುದ್ದಿ ಮೆದುಳಿಗೆ ಮುಟ್ಟುವುದು ಆಮೇಲೆ. ಮೆದುಳು ದೊಡ್ಡ ಸ್ಟೇಷನ್ನು, ಬೆನ್ನುಹುರಿ ಹಳಿ. ಅದರುದ್ದಕ್ಕೂ ಇರುವ, ಅತಿ ಆಡುವ ಸಣ್ಣ ಸ್ಟೇಷನ್ನುಗಳನ್ನು ದೊಡ್ಡದು ಸದಾ ಗದರಿಸಿ ಇಟ್ಟಿರುತ್ತದೆ. ನಡುವೆ ಹಳಿ ಕಿತ್ತುಹೋದರೆ? ಆಚೆಯ ಸಣ್ಣ ಮಾಸ್ತರ ಯಾರನ್ನೂ ಕೇಳದೆ ಹಸಿರು ಬಾವುಟ ಬೀಸುತ್ತಾನೆ.

ಸೋಮವಾರ ಡಾಕ್ಟರ್ ಬಾಯಿಯವರು ನನಗೆ ಹೇಳಿದ್ದು ಇಷ್ಟು:

"ಯಲ್ಲೇಶ, ಒದ್ದಾಂವ ನೀನಲ್ಲ."

"ಮತ್ತ ಯಾರ್ರಿ?"

"ನಿನ್ನ ಬೆನ್ನುಹುರಿ. ಮ್ಯಾಲಿಂದ ತಡಿಯಾವ್ರು ಇಲ್ಲಂತನ ಅದು ಹಂಗ ಜಿಗಿತದ."

"ಕೂಡತಾವೇನ್ರಿ ನರಾ?"

"ಆಸೆ ಇಟ್ಕೋಬ್ಯಾಡಪಾ."

ನಿಮ್ಮಪ್ಪ ಪೇಢೆ ಹಂಚಿದ್ದು ನನ್ನ ಹಳಿ ಕಿತ್ತುಹೋದದ್ದಕ್ಕೆ. ಅವ್ವ ಆ ಸಂತೋಷಕ್ಕೆ ಈಗ ರಾತ್ರಿಯೂ ಬೀಟ್‌ರೂಟ್ ಕೊಡುತ್ತಾಳೆ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ. ಇದನ್ನು ನಿಮ್ಮಪ್ಪನಿಗೆ ಓದಿ ಹೇಳು. ಒದ್ದದ್ದಕ್ಕೆ ಕ್ಷಮೆ ಕೇಳಲಾರೆ; ಒದ್ದವನು ನಾನಲ್ಲವೆಂದು ಡಾಕ್ಟರೇ ಹೇಳಿದ್ದಾರೆ.

ಗದಗಿನವನಿಗೆ ಎರಡೂ ಕಾಲು ಗಟ್ಟಿ ಇವೆಯಂತೆ. ಅವನ ಹಿಂದೆ ಏಳು ಹೆಜ್ಜೆ ನಡೆದು, ಹಾಲುಕ್ಕಿದ ಮನೆಯಲ್ಲಿ ತಣ್ಣಗೆ ಬಾಳು ಎಂದು ಮಂಚದ ಮೇಲಿಂದ ಈ ಹಿರಿಯನ ಆಶೀರ್ವಾದ.

ಇತಿ ನಿನ್ನ ಅರ್ಧ, ಅಂದರೆ ಮೇಲಿನರ್ಧ,
ಯಲ್ಲೇಶ

ತಾ.ಕ.: ಸಂಕ್ರಾಂತಿಗೆ ಬಂದಾಗ, ನಾನು ಕಣ್ಣು ಮುಚ್ಚಿ ಮಲಗಿದ್ದೆ, ನೀನು ಅಂಗಾಲಿಗೆ ಕಚಗುಳಿ ಇಟ್ಟೆ. "ಬಿಡ, ಕಚಗುಳಿ ಆಗತೈತಿ" ಎಂದು ನಾನು ನಕ್ಕೆ. ನೀನು ಖುಷಿಗೆ ಅತ್ತೆ. ಅದನ್ನು ನಮ್ಮಿಬ್ಬರ ಗುಟ್ಟು ಮಾಡಿಕೊಂಡೆವು. ಸುಕನ್ಯಾ, ಕಾಲಿನ ಕಡೆ ನನಗೆ ಕೇಳಿಸಿದ್ದು ನಿನ್ನ ಬಳೆಯ ಸದ್ದಷ್ಟೇ. ಕಿವಿಯ ನರಕ್ಕೆ ಬೆನ್ನುಹುರಿಯ ಹಂಗಿಲ್ಲ, ಅದು ನೇರ ಮೆದುಳಿಗೇ ಹೋಗುತ್ತದೆ. ಅಂದು ನೀನು ಬಳೆ ತೊಡದೆ ಬಂದಿದ್ದರೆ, ನನ್ನನ್ನು ಮುಟ್ಟಿದ್ದೇ ನನಗೆ ಗೊತ್ತಾಗುತ್ತಿರಲಿಲ್ಲ.