ಚರಂಡಿಗೆ ಹಾಸಿದ ವೀರಗಲ್ಲು

ಪ್ರಮೀಳಕ್ಕನಿಗೆ,

2019ರ ಬೇಸಿಗೆಯಲ್ಲಿ ನಮ್ಮೂರ ವೀರಗಲ್ಲನ್ನು ಚರಂಡಿಗೆ ಹಾಸಿದ್ದನ್ನು ನಾನಿನ್ನೂ ಮರೆತಿಲ್ಲ. ನೀನು ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಕಲ್ಲು ಅದು. ಇಲ್ಲಿ ಬಿಳಿಚೋಡಿನ ಬಳಿ ನಾಲ್ಕು ಹಟ್ಟಿಯವರು ಸರದಿಯ ಮೇಲೆ ತಮ್ಮ ವೀರಗಲ್ಲನ್ನು ತೊಳೆದು ಕಾಯುತ್ತಾರೆ. ನಾನು ಭಕ್ತಿಯಿಂದ ಎಣ್ಣೆ ಹಚ್ಚಲು ಹೋದೆ. ಕುರಿ ಕಾಯುವ ಅಂತರಘಟ್ಟಮ್ಮಜ್ಜಿ ಗದರಿದರು: "ಓದಿದೋರಾಗಿ ಹಿಂಗಾ ಮೇಷ್ಟ್ರೇ? ಎಣ್ಣೆಗೆ ಧೂಳು ಕೂತು ಅಕ್ಷರ ಮುಚ್ಚತೈತೆ. ತೊಳೆಯಾಕೆ ಬರೀ ನೀರು ಸಾಕು, ಕೊಡ ಹಿಡೀರಿ!" ನಗುತ್ತಾ ಹಿಡಿದೆ.

ನನ್ನ ಮಂಡಿನೋವು ಈಗ ಕಡಿಮೆ. ಹೊನ್ನಾಳಿಯಲ್ಲಿ ಕೊಂಡ ಗುಳಿಗೆ ಇನ್ನೂ ಇದೆ.

ಅಕ್ಕಾ, ಮುಂದಿನ ತಿಂಗಳು ನಮ್ಮೂರ ಆ ಚರಂಡಿಯ ಮೇಲೆ ಕಾಂಕ್ರೀಟ್ ಸುರಿಯುತ್ತಾರಂತೆ. ಅದಕ್ಕೂ ಮೊದಲು ಗ್ರಾಮಸಭೆಯಲ್ಲಿ ಎದ್ದು ಕೇಳು: ನಮ್ಮ ಕಲ್ಲನ್ನು ಯಾವ ದಿನ ಎತ್ತಿಸುತ್ತೀರಿ? ಪಂಚಾಯ್ತಿಯವರು ಉತ್ತರವನ್ನು ಊರೆದುರಿಗೇ ಹೇಳಲಿ.

ನಿನ್ನ ತಮ್ಮ,
ರೇಣುಕಪ್ರಸಾದ್