ಜನವರಿ ಒಂದರಂದು ಹುಟ್ಟಿದವರು

ಮಿನಿಯಾಪೊಲಿಸ್, ಸೋಮವಾರ

ಸಮಿತಿಯ ಅಧ್ಯಕ್ಷೆ ಹ್ಯಾಸ್ಕೆಟ್ ಅವರಿಗೆ,

ಶಂಕಿತ ಉಗ್ರರ ಪಟ್ಟಿಯ ಬಗ್ಗೆ ನಿಮ್ಮ ಸಂಸದೀಯ ಸಮಿತಿಯ ಮುಂದೆ ಸಾಕ್ಷಿ ಹೇಳಲು ಬನ್ನಿ ಎಂದು ವಿಮಾನದ ಟಿಕೆಟ್ ಕಳಿಸಿದ್ದಿರಿ. ಇವತ್ತು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಅಮ್ಮ" ಅಂದಳು. ನಿಂತೆ. ವಿಮಾನ ಹೊರಟುಹೋಯಿತು.

ನಾನು ಹುಟ್ಟಿದ್ದು ಜನವರಿ ಒಂದಕ್ಕೆ. ನನ್ನ ಗಂಡ ಗುಲೇದ್ ಕೂಡ ಅಂದೇ. ಸೊಮಾಲಿಯಾದಲ್ಲಿ ನಾವು ಯಾವ ಮಳೆಗೆ ಹುಟ್ಟಿದೆವೆಂದು ಗೊತ್ತಿತ್ತು, ತಾರೀಕು ಗೊತ್ತಿರಲಿಲ್ಲ. ನಿರಾಶ್ರಿತರ ಶಿಬಿರದ ಗುಮಾಸ್ತ ಎಲ್ಲರಿಗೂ ಜನವರಿ ಒಂದನ್ನೇ ಬರೆದ. "ನಮ್ ಬೀದಿಗೆಲ್ಲಾ ಒಂದೇ ಕೇಕ್ ಸಾಕು ಕಣೇ" ಎಂದು ಗುಲೇದ್ ನಗುತ್ತಿದ್ದರು. ಅವರದೇ ಹೆಸರಿನ, ಅದೇ ತಾರೀಕಿನ ಇನ್ಯಾವನೋ ಉಗ್ರನೆಂದು ತಿಳಿದು ಇಲ್ಲಿನ ಅಧಿಕಾರಿಗಳು ಇವರನ್ನು ಪಟ್ಟಿಗೆ ಸೇರಿಸಿದರು.

ತಪ್ಪಾಯಿತೆಂದು ಇಲ್ಲಿ ಹೆಸರು ತೆಗೆದರು. ಅಷ್ಟರಲ್ಲಿ ಪಟ್ಟಿ ಬೇರೆ ದೇಶಗಳ ಕೈ ಸೇರಿತ್ತು. ತಾಯಿ ತೀರಿಕೊಂಡರೆಂದು ಮಣ್ಣಿಗೆ ಹೊರಟವರನ್ನು ದಾರಿಯ ವಿಮಾನ ನಿಲ್ದಾಣದಲ್ಲಿ ಹಿಡಿದರು, ಇನ್ನೂ ಬಿಟ್ಟಿಲ್ಲ. ಅವರ ಹೆಂಡತಿಯೆಂದು ಈಗ ನನ್ನನ್ನೂ ನಿಲ್ಲಿಸುತ್ತಾರೆ.

ಅಧಿಕಾರಿಗಳನ್ನು ಒಂದೇ ಪ್ರಶ್ನೆ ಕೇಳಿ: ಹೆಸರು ಕೊಟ್ಟ ಕಡೆಗೆಲ್ಲ, ಅದನ್ನು ತೆಗೆದದ್ದನ್ನೂ ಹೇಳಿದಿರಾ? ಉತ್ತರವನ್ನು ನಾನು ಎದುರಿಗೇ ಕೂತು ಕೇಳಬೇಕು.

ಬಸ್ಸಿನಲ್ಲಿ ಬರುತ್ತಿದ್ದೇನೆ. ಗುರುವಾರದ ವಿಚಾರಣೆಗೆ ಮುಂಚೆ ತಲುಪುತ್ತೇನೆ. ನಿಮ್ಮ ಕಟ್ಟಡದ ಬಾಗಿಲಲ್ಲೂ ಹುಟ್ಟಿದ ದಿನ ಕೇಳುತ್ತಾರಂತೆ. ದಯವಿಟ್ಟು ನಿಮ್ಮವರೊಬ್ಬರನ್ನು ಅಲ್ಲಿಗೆ ಕಳಿಸಿ. ಪಕ್ಕಕ್ಕೆ ನಿಲ್ಲಿ ಎಂದರೆ ಈ ಸಲ ನಾನು ನಿಲ್ಲುವುದಿಲ್ಲ.

ನಿಮ್ಮ ಸಾಕ್ಷಿ,
ಉಬಾಹ್ ವರ್ಸಮೆ